ಒಲೆ ಹಚ್ಚಬಾರದ ದ್ವೀಪ

ಕೊಟ್ರಮ್ಮನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಆಕೆಯನ್ನು ಕಂಡರೆ ಅಷ್ಟಕ್ಕಷ್ಟೇ. ಹನ್ನೊಂದು ವರ್ಷಗಳ ಹಿಂದೆ ಶ್ರೀಶೈಲದ ಛತ್ರದಲ್ಲಿ ಪಂಕ್ತಿಗೆ ಕೂತವನು, ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದೆ, ಅಷ್ಟೇ. ಆಕೆ ಬಂದು ನನ್ನ ತಟ್ಟೆ ಎತ್ತಿಕೊಂಡು ಹೋಗಿ, ಇದ್ದದ್ದನ್ನೆಲ್ಲ ಮೋರಿಗೆ ಸುರಿದು, ಖಾಲಿ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟಳು. ಅಂದಿನಿಂದ ನನಗೆ ಬಡಿಸುವಾಗ ಮಾತ್ರ ಆಕೆಯ ಸೌಟು ತಟ್ಟೆಗೆ ಠಣ್ಣೆಂದು ಬಡಿಯುತ್ತದೆ. ಇಂಥವಳ ಬಗ್ಗೆ ಬರೆಯಲು ಕೂತಿರುವುದು ಪ್ರೀತಿಯಿಂದಲ್ಲ. ನಾನೊಂದು ಕೆಟ್ಟ ಕೆಲಸ ಮಾಡಿದ್ದೇನೆ, ಅದನ್ನು ಎಲ್ಲಾದರೂ ಇಳಿಸಬೇಕಾಗಿದೆ.

ನನ್ನ ಹೆಸರು ಗವಿಸಿದ್ದಪ್ಪ. ಹೊಸಪೇಟೆಯ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿ ಹಾಲೇಶ ಯಾತ್ರೆ ಬಸ್ಸು ನಡೆಸುತ್ತಾನೆ. ಹಿಂದಿಯಲ್ಲಿ ಮೂರು ಸಲ ನಪಾಸಾದವನು ಈಗ ನನ್ನ ಹಿಂದಿಯನ್ನೇ ಬಾಡಿಗೆಗೆ ಹಿಡಿದಿದ್ದಾನೆ. ಕಾಶಿ, ಗಯಾ, ಹರಿದ್ವಾರ ಎಂದು ಬಸ್ಸು ಉತ್ತರಕ್ಕೆ ಹೋದಾಗ ಛತ್ರದವರ ಜತೆ, ಪಂಡಾಗಳ ಜತೆ, ಪೊಲೀಸರ ಜತೆ ಜಗಳಾಡುವುದು ನನ್ನ ಕೆಲಸ. ಅರ್ಜಿ, ಟಿಕೆಟ್ಟು, ಪರವಾನಗಿ ಎಲ್ಲ ತುಂಬುವವನೂ ನಾನೇ. ಅದಕ್ಕೆ ಬದಲಾಗಿ ಡ್ರೈವರನ ಹಿಂದಿನ ಸೀಟು ನನಗೆ ಪುಕ್ಕಟೆ. ಕೊಟ್ರಮ್ಮ ಅದೇ ಬಸ್ಸಿನ ಅಡುಗೆಯಾಕೆ. ಆಕೆಯ ಜಾಗ ಕೊನೆಯ ಸಾಲಿನಲ್ಲಿ, ಅಕ್ಕಿ ಚೀಲಕ್ಕೂ ಗ್ಯಾಸ್ ಸಿಲಿಂಡರಿಗೂ ನಡುವೆ.

ಮಲಪನಗುಡಿಯಲ್ಲಿ ಹುಟ್ಟಿ, ಕಂಪ್ಲಿಗೆ ಮದುವೆಯಾಗಿ, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗಳನ್ನು ಸಂಡೂರಿಗೆ ಕೊಟ್ಟು, ಈಗ ಹೊಸಪೇಟೆಯ ಚಿತ್ತವಾಡಿಗೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ವಯಸ್ಸು ಐವತ್ತೆಂಟು. ಇಪ್ಪತ್ತನಾಲ್ಕು ವರ್ಷಗಳಿಂದ ಯಾತ್ರೆಯವರಿಗೆ ಬೇಯಿಸಿ ಹಾಕುತ್ತಿದ್ದಾಳೆ. ಕಾಶಿಗೆ ಒಂಬತ್ತು ಸಲ ಹೋಗಿದ್ದಾಳೆ, ವಿಶ್ವನಾಥನನ್ನು ಒಂದು ಸಲವೂ ನೋಡಿಲ್ಲ.

ಹೀಗೂ ಉಂಟೇ ಎನ್ನುವವರಿಗೆ ನಮ್ಮ ಕಡೆಯ ಯಾತ್ರೆ ಹೇಗೆ ನಡೆಯುತ್ತದೆಂದು ಗೊತ್ತಿಲ್ಲ. ಬಸ್ಸು ನಿಂತ ಕೂಡಲೇ ಜನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ, ದರ್ಶನಕ್ಕೆ ಓಡುತ್ತಾರೆ. ಅಡುಗೆಯವಳು ಸಿಲಿಂಡರು ಇಳಿಸಿ ಛತ್ರದ ಹಿಂದೆ ನಲ್ಲಿ ಎಲ್ಲಿದೆ ಎಂದು ಹುಡುಕುತ್ತಾಳೆ. ಅವರು ಬರುವಷ್ಟರಲ್ಲಿ ಉಪ್ಪಿಟ್ಟು ಬಿಸಿಯಾಗಿರಬೇಕು. ಅವರು ಉಂಡು ಮಲಗಿದರೆ ಪಾತ್ರೆ, ಅವರು ಎದ್ದರೆ ಚಹಾ, ಅವರು ಪೇಟೆಗೆ ಹೋದರೆ ರಾತ್ರಿಯ ಪಲ್ಯಕ್ಕೆ ಬದನೆಕಾಯಿ. ಬೆಳಗಾದರೆ ಬಸ್ಸು ಮುಂದಿನ ಊರಿಗೆ. ಹೊರಡುವಾಗ ಯಾರಾದರೊಬ್ಬರು ಒಂದು ಚಿಟಿಕೆ ಪ್ರಸಾದ ಆಕೆಯ ಕೈಗೆ ಹಾಕಿ, "ನಿನ್ನ ಹೆಸರಿಲೇನೂ ಕೈ ಮುಗುದು ಬಂದೀವಿ ಕೊಟ್ರಮ್ಮ" ಅನ್ನುತ್ತಾರೆ. ನಾನೂ ಅಂದಿದ್ದೇನೆ. ಆಗ ಆಕೆ ನೋಡಿದ ನೋಟವನ್ನು ಸೊಕ್ಕು ಎಂದುಕೊಂಡಿದ್ದೆ.

ಈ ವರ್ಷ ಡ್ಯಾಮಿನ ಗೇಟು ಬದಲಿಸುವ ಕೆಲಸವಿದೆ, ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಎಂದು ಹೇಳಿಬಿಟ್ಟರು. ಕಂಪ್ಲಿ, ಬುಕ್ಕಸಾಗರದ ಭತ್ತದವರಿಗೆ ಡಿಸೆಂಬರ್, ಜನವರಿ ಎಂದರೆ ಸಸಿ ಮಡಿ, ನಾಟಿ, ಕೂಲಿಯವರ ಹಿಂದೆ ಓಡಾಟ. ಚಳಿಗಾಲದಲ್ಲಿ ಕೈ ಕಟ್ಟಿ ಕೂರುವುದೆಂದರೆ ಏನೆಂದೇ ಗೊತ್ತಿಲ್ಲದ ಜನ. ಹಾಲೇಶನ ಮೂಗಿಗೆ ಇದರ ವಾಸನೆ ಬಡಿಯಿತು. ಕಾಶಿ ಎಲ್ಲರದೂ ಆಗಿದೆ, ಈ ಸಲ ಅಂಡಮಾನ್ ಎಂದ. ಅಂಡಮಾನಿನ ಉತ್ತರದ ತುದಿಯಲ್ಲಿ ದೋಣಿಯಲ್ಲಷ್ಟೇ ತಲುಪಬಹುದಾದ ಒಂದು ದ್ವೀಪವಿದೆ, ದ್ವೀಪಕ್ಕೆ ದ್ವೀಪವೇ ರಾಷ್ಟ್ರೀಯ ಉದ್ಯಾನ, ಅಲ್ಲಿ ನರಪಿಳ್ಳೆಯ ವಾಸವಿಲ್ಲ ಎಂದು ಎಲ್ಲೋ ಓದಿಕೊಂಡು ಬಂದು, ಯಾತ್ರೆಯ ಆರನೇ ದಿನವನ್ನು ಅದಕ್ಕೇ ಇಟ್ಟ. ಆ ದ್ವೀಪಕ್ಕೆ ಒಂದು ತಂಡದಲ್ಲಿ ಹದಿನೆಂಟು ಜನಕ್ಕಿಂತ ಹೆಚ್ಚು ಬಿಡುವುದಿಲ್ಲ. ಹಾಗಾಗಿ ಹದಿನೆಂಟೇ ಸೀಟು.

ಮೊದಲ ಸಭೆ ಸೇರಿದ್ದು ಕಂಪ್ಲಿಯಲ್ಲಿ, ಪಂಪಾವತಿಯ ರೈಸ್ ಮಿಲ್ಲಿನ ಕಣದಲ್ಲಿ. ಪಂಪಾವತಿ ಮಿಲ್ಲಿನ ಒಡತಿ. ಹೊರಟವರಲ್ಲಿ ಎಂಟು ಜನ ಆಕೆಯ ನೆಂಟರೇ ಆದ್ದರಿಂದ ಹಾಲೇಶ ಆಕೆಯ ಮುಂದೆ ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿಲ್ಲ. ಊಟದ ಪಟ್ಟಿ ಮಾಡಲು ಕೊಟ್ರಮ್ಮನನ್ನೂ ಕರೆಸಿದ್ದರು. ಎಲ್ಲರೂ ಕುರ್ಚಿಯಲ್ಲಿ, ಆಕೆ ಕಂಬಕ್ಕೆ ಒರಗಿ ನೆಲದ ಮೇಲೆ. ನಾನು ಉದ್ಯಾನದ ನಿಯಮಗಳನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹವಳ, ಚಿಪ್ಪು ಎತ್ತುವಂತಿಲ್ಲ. ದ್ವೀಪದಲ್ಲಿ ಎಲ್ಲಿಯೂ ಬೆಂಕಿ ಹಚ್ಚುವಂತಿಲ್ಲ, ಒಲೆ ಉರಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ.

"ಮೇಷ್ಟ್ರ, ಅದನ್ನ ಇನ್ನೊಂದ್ಸಲ ಓದ್ರಿ" ಎಂದಳು ಕೊಟ್ರಮ್ಮ.

ಓದಿದೆ.

"ಹಚ್ಚಿದ್ರ ಏನ್ ಮಾಡ್ತಾರ?"

"ಹಿಡಕೊಂಡ್ ಹೋಗಿ ಕೇಸ್ ಹಾಕ್ತಾರ."

"ಯಾರ ಹೇಳಿದ್ರೂ ಹಚ್ಚಂಗಿಲ್ಲ? ಇವ್ರ ಹೇಳಿದ್ರೂ?" ಎಂದು ಪಂಪಾವತಿಯ ಕಡೆ ಕೈ ಮಾಡಿದಳು.

"ಯಾರ ಹೇಳಿದ್ರೂ ಹಚ್ಚಂಗಿಲ್ಲ."

ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಹಂಗಾರ ಅಲ್ಲಿಗೆ ನಾನು ಬರ್ತೀನಿ. ಅಡಿಗಿ ಮಾಡಾಕಲ್ಲ. ಉಳದ ದಿನ ನಿಮ್ಮ ಒಲಿ ನಾ ನೋಡ್ಕೊಂತೀನಿ. ಆ ಒಂದ್ ದಿನ ದೋಣ್ಯಾಗ ನನಗ ಸೀಟ್ ಬೇಕು. ನಿಮ್ಮ ಜೋಡಿ ಇಳೀತೀನಿ, ನಿಮ್ಮ ಜೋಡಿ ಕುಂದರ್ತೀನಿ. ಯಾರಿಗೂ ಒಂದ್ ಲೋಟ ನೀರು ಸೈತ ಕೊಡಂಗಿಲ್ಲ."

ಕಣದಲ್ಲಿ ನಗು ಎದ್ದಿತು. ನಾನೂ ನಕ್ಕೆ. ಪಂಪಾವತಿ ಮಾತ್ರ ನಗಲಿಲ್ಲ. "ಅಲ್ಲೇನೈತಿ ಅಂತ ಹೊಂಟೀಯವ್ವಾ ನೀನು? ಗುಡಿ ಇಲ್ಲ, ಗುಂಡಾರ ಇಲ್ಲ."

"ಅದಕ್ಕ ಹೊಂಟೀನ್ರಿ ಅಮ್ಮಾರ. ಗುಡಿ ಇದ್ದಲ್ಲೆಲ್ಲಾ ನಿಮ್ಮ ಹಸಿವೂ ಇರ್ತೈತಿ."

ಪಂಪಾವತಿಯ ಮುಖ ಕೆಂಪಾಯಿತು. ಹಾಲೇಶ ಎಲ್ಲಿ ಇಬ್ಬರೂ ಕೈ ಬಿಟ್ಟುಹೋಗುತ್ತಾರೋ ಎಂದು ನಡುವೆ ಬಂದ. ಬೇರೆ ಅಡುಗೆಯವರನ್ನು ಹುಡುಕುವುದು ಸುಲಭವಿರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಿಂದ ಕೊಟ್ರಮ್ಮನ ಕೈ ರುಚಿಗೇ ಅರ್ಧ ಜನ ಅವನ ಬಸ್ಸು ಹತ್ತುವುದು. "ಆತು ತಗೋ, ಕೊಟ್ಟೂರಜ್ಜನ ಆಣಿ, ನಿನ್ನ ಸೀಟ್ ಗಟ್ಟಿ" ಎಂದ. ಆಕೆಗೆ ಆಣೆ ಸಾಲಲಿಲ್ಲ. ನನ್ನ ಕೈಯಲ್ಲಿ ಪಟ್ಟಿಯಲ್ಲಿ ಹೆಸರು ಬರೆಸಿದಳು. ಹದಿನೆಂಟನೆಯದು ಕೊಟ್ರಮ್ಮ. ಬರೆದದ್ದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡು, ಸರಿಯಿದೆ ಎಂದು ಕಂಡ ಮೇಲೆ ಹೋದಳು.

ಅಲ್ಲಿಂದ ಎರಡು ತಿಂಗಳು ಆಕೆ ನನ್ನ ಜೀವ ತಿಂದಳು. ವಿಮಾನದಲ್ಲಿ ಸಿಲಿಂಡರು ಬಿಡುವುದಿಲ್ಲವೆಂದು ಗೊತ್ತಾದಾಗ ಹಾಲೇಶ ತಲೆ ಮೇಲೆ ಕೈ ಹೊತ್ತು ಕೂತ. ಕೊಟ್ರಮ್ಮ ಸೀದಾ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು, ಅಲ್ಲಿಯ ಲಾಡ್ಜಿನವರಿಗೆ ಫೋನ್ ಹಚ್ಚಿ ಅಂದಳು. ಮ್ಯಾನೇಜರು ರೂಮಿನಲ್ಲಿ ಅಡುಗೆ ಆಗುವುದಿಲ್ಲ ಎಂದ. "ರೂಮ್ ಬ್ಯಾಡ, ಹಿತ್ತಲು ಐತೇನು ಕೇಳ್ರಿ" ಎಂದಳು. ಇದೆಯಂತೆ. "ಕರೆಂಟ್ ಒಲಿ ಹಚ್ಚಾಕ ಪ್ಲಗ್ ಐತೇನು ಕೇಳ್ರಿ." ಅದೂ ಇದೆಯಂತೆ. ನನ್ನ ಹಿಂದಿಯನ್ನು ಅವತ್ತಿನಷ್ಟು ಯಾರೂ ಹಿಂಡಿರಲಿಲ್ಲ. ಒಂದು ಕರೆಂಟ್ ಒಲೆ, ಕಬ್ಬಿಣದ ಹಂಚು, ಜೋಳದ ಹಿಟ್ಟು ಒಯ್ಯುವುದು, ಅಲ್ಲೇ ಹಿತ್ತಲಲ್ಲಿ ದಿನಾ ರೊಟ್ಟಿ ಬಡಿಯುವುದು, ಉದ್ಯಾನದ ದಿನಕ್ಕೆ ಮಾತ್ರ ಒಣಗಿಸಿಟ್ಟ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳುವುದು ಎಂದು ಎಲ್ಲವನ್ನೂ ಆಕೆಯೇ ಜೋಡಿಸಿದಳು. ನಾವು ಯಾರೂ ಮಾಡಲಾರದ ಏರ್ಪಾಡು ಅದು. ಹಾಗೆಂದು ಬಾಯಿಬಿಟ್ಟು ಹೇಳಬಹುದಿತ್ತು, ಹೇಳಲಿಲ್ಲ.

ಒಂದು ದಿನ ಹೊಸ ಬೂಟು ಹಾಕಿಕೊಂಡು ಬಂದಳು. ದ್ವೀಪದಲ್ಲಿ ಕಾಡಿನ ದಾರಿಗೆ ಬೂಟು ಬೇಕೆಂದು ನಿಯಮದಲ್ಲಿ ನಾನೇ ಓದಿದ್ದೆ. ಕಾಲಿಗೆ ಅದುವರೆಗೆ ಹವಾಯಿ ಚಪ್ಪಲಿ ಬಿಟ್ಟು ಬೇರೆ ಹಾಕಿದವಳಲ್ಲ. "ಇವು ನಡೀತಾವೇನು ನೋಡ್ರಿ" ಎಂದು ನಮ್ಮ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ನಡೆಯುತ್ತವೆ ಎಂದೆ.

ನವೆಂಬರಿನಲ್ಲಿ ಪಂಪಾವತಿಯ ಅಣ್ಣನ ಮಗಳು ಗಂಗೋತ್ರಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಸೀಟು ಹದಿನೆಂಟೇ. ಪಂಪಾವತಿ ಹಾಲೇಶನನ್ನು ಕರೆಸಿ, "ಒಂದ್ ತಿಂಗಳು ಇಟ್ರೂ ಕೆಡದಂಥ ರೊಟ್ಟಿ ನಮ್ಮಲ್ಲಿ ಇರೋವಾಗ ಅಡಿಗಿಯಾಕಿನ್ನ ಯಾಕ ಹೊತ್ಕೊಂಡ್ ಹೋಗಬೇಕಲೇ? ಎಲ್ಲಾ ದಿನದ್ದೂ ಇಲ್ಲೇ ಮಾಡಿಸಿಬಿಡು" ಎಂದಳಂತೆ. ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಕಟಿ ರೊಟ್ಟಿಯನ್ನು ಬಟ್ಟೆ ಸುತ್ತಿ ಬಿದಿರು ಪುಟ್ಟಿಯಲ್ಲಿಟ್ಟರೆ ತಿಂಗಳುಗಟ್ಟಲೆ ಹಪ್ಪಳದ ಹಾಗೆ ಮುರಿಯುತ್ತವೆ.

ಮರುದಿನ ಬೆಳಿಗ್ಗೆ ಹಾಲೇಶ ನನ್ನ ಮನೆಗೆ ಬಂದ. ಕೂರಲಿಲ್ಲ. "ಸಾರ್, ಒಂದ್ ಹೆಸರು ತೆಗೀಬೇಕು."

"ಆಣಿ ಮಾಡಿಯಲ್ಲೋ" ಎಂದೆ.

"ಹೌದ್ರಿ. ಹಂಗಾರ ಯಾರದು ತೆಗೀಲಿ? ನಿಮ್ಮದು ತೆಗೀಲೇನು? ಅಲ್ಲಿ ಲಾಡ್ಜಿನಾಗ ಹಿಂದಿ ಮಾತಾಡಾರು ಎಲ್ಲಾರೂ ಅದಾರ, ನಾನೂ ಒಂದೀಟು ಮಾತಾಡ್ತೀನಿ."

ಈ ಪೋರ ನನ್ನ ತರಗತಿಯಲ್ಲಿ ಬೆಂಚಿನ ಮೇಲೆ ನಿಂತವನು. ಇವನ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ನನಗೆ ಸಮುದ್ರ ನೋಡುವ ಆಸೆಯಿತ್ತು, ಅದೂ ಪುಕ್ಕಟೆ. ಅವನ ಎದುರೇ ಕೊಟ್ರಮ್ಮನ ಹೆಸರಿನ ಮೇಲೆ ಗೆರೆ ಎಳೆದು ಗಂಗೋತ್ರಿಯ ಹೆಸರು ಬರೆದೆ. ಟಿಕೆಟ್ಟೂ ಪರವಾನಗಿಯೂ ಅದೇ ಹೆಸರಿನಲ್ಲಿ ಆದವು.

"ಈಗ ಹೇಳಬ್ಯಾಡ್ರಿ. ಹೇಳಿದ್ರ ರೊಟ್ಟಿ ಮಾಡಂಗಿಲ್ಲಾಕಿ" ಎಂದು ಹಾಲೇಶ ಹೋದ.

ಕರೆಂಟ್ ಒಲೆಯ ತ್ರಾಸು ಬೇಡ, ಇಲ್ಲಿಂದಲೇ ರೊಟ್ಟಿ ಒಯ್ಯೋಣ, ನಿನಗೂ ಆರಾಮ ಎಂದು ಅವನು ಹೇಳಿದಾಗ ಕೊಟ್ರಮ್ಮ ಹುಬ್ಬು ಗಂಟಿಕ್ಕಿ, "ಬರೇ ರೊಟ್ಟಿ ಮ್ಯಾಲ ಅಲ್ಲಿ ನಡಿಯಂಗಿಲ್ಲ. ಇರ್ಲಿ, ಒಲಿ, ಹಂಚು ತಗೊಂಡೇ ಬರ್ತೀನಿ. ನಾ ಇರ್ತೀನಲ್ಲ, ನೋಡ್ಕೊಂತೀನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರ, ನನ್ನ ಹೆಸರು ಐತಲ್ಲ?"

"ಐತಿ" ಎಂದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದ ಬಾಯಿ ಇದು.

ಪಕ್ಕದ ಮನೆಯ ಶಾಂತಕ್ಕನನ್ನು ಜತೆಗೆ ಕೂರಿಸಿಕೊಂಡು ಹತ್ತು ದಿನದಲ್ಲಿ ಒಂಬೈನೂರು ರೊಟ್ಟಿ ಬಡಿದಳು. ಒಂದೊಂದೂ ಹುಣ್ಣಿಮೆ ಚಂದ್ರನ ಹಾಗೆ ಗುಂಡಗೆ, ತೆಳ್ಳಗೆ. ಅವುಗಳನ್ನು ಗಾಳಿಯಾಡದ ಮುಚ್ಚಳವಿದ್ದ ತನ್ನ ದೊಡ್ಡ ಡಬ್ಬಿಗಳಲ್ಲಿ ತುಂಬಿ, ಮುಚ್ಚಳದ ಸುತ್ತ ಟೇಪು ಅಂಟಿಸಿಟ್ಟಿದ್ದಳು.

ಹೊರಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಲೇಶ, ಪಂಪಾವತಿ, ನಾನು ವ್ಯಾನಿನಲ್ಲಿ ಚಿತ್ತವಾಡಿಗೆಗೆ ಹೋದೆವು. ಡಬ್ಬಿಗಳು ಹೊರಗೆ ಸಾಲಾಗಿದ್ದವು. ಕೊಟ್ರಮ್ಮ ಬ್ಯಾಗು ಹಿಡಿದು, ಬೂಟು ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕುತ್ತಿದ್ದಳು.

"ನೀ ಎಲ್ಲಿಗೆ ಹೊಂಟೀ?" ಎಂದಳು ಪಂಪಾವತಿ.

ಕೊಟ್ರಮ್ಮನಿಗೆ ಅಷ್ಟರಲ್ಲೇ ಅರ್ಥವಾಯಿತು. ಹಾಲೇಶ ಮುಂದಿನ ಸಲ, ದೋಣಿಯವರ ತಕರಾರು, ಗೌರ್ಮೆಂಟಿನ ನಿಯಮ ಎಂದು ಏನೇನೋ ಒದರಿದ. ಆಕೆ ಅವನ ಕಡೆ ನೋಡಲೇ ಇಲ್ಲ.

"ಮೇಷ್ಟ್ರ, ಲಿಸ್ಟ್ ತೆಗೀರಿ. ಓದ್ರಿ."

ಓದಿದೆ. ಬೀದಿಯಲ್ಲಿ ನಿಂತು ಹದಿನೆಂಟು ಹೆಸರನ್ನೂ ಓದಿದೆ. ಓದಿಸುತ್ತಿದ್ದಾಳಲ್ಲ ಎಂದು ಆಕೆಯ ಮೇಲೆಯೇ ನನಗೆ ಸಿಟ್ಟು ಬಂತು. ಮಾಡಿದವನು ನಾನು, ಸಿಟ್ಟು ಆಕೆಯ ಮೇಲೆ.

"ನನ್ನ ಹೆಸರು ಹೊಡದಾರ ಯಾರು?"

"ನಾನೇ" ಎಂದೆ.

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು. ಆಮೇಲೆ ಡಬ್ಬಿಗಳ ಕಡೆ ಕೈ ತೋರಿಸಿ, "ರೊಟ್ಟಿ ನಿಮ್ಮವು, ತಗೊಂಡ್ ಹೋಗ್ರಿ. ಡಬ್ಬಿ ನನ್ನವು. ಕೊಡಂಗಿಲ್ಲ" ಎಂದಳು.

"ನಿನ್ನ ಡಬ್ಬಿ ಯಾರಿಗೆ ಬೇಕಾಗ್ಯಾವ?" ಎಂದು ಪಂಪಾವತಿ ಮೂಗು ಮುರಿದಳು. "ರೊಟ್ಟಿ ಯಾರರ ಡಬ್ಬ್ಯಾಗ ಇಡ್ತಾರೇನು? ಮುಗ್ಗ ವಾಸನಿ ಬರ್ತೈತಿ." ವ್ಯಾನಿನಲ್ಲಿದ್ದ ಹಳೆಯ ಧೋತರ ಹರಿದು, ಒಂಬೈನೂರು ರೊಟ್ಟಿಗಳನ್ನೂ ಮನೆಯಲ್ಲಿ ಸುತ್ತುವ ಹಾಗೆ ಸುತ್ತಿ, ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಸಿದಳು. ಕೊಟ್ರಮ್ಮ ಮೆಟ್ಟಿಲ ಮೇಲೆ ಕೂತು ಕೊನೆಯ ಪೆಟ್ಟಿಗೆ ವ್ಯಾನಿಗೆ ಏರುವವರೆಗೂ ಸುಮ್ಮನೆ ನೋಡಿದಳು. ಅಷ್ಟು ಸುಲಭಕ್ಕೆ ಬಿಟ್ಟಳಲ್ಲ ಎಂದು ಹಾಲೇಶ ದಾರಿಯುದ್ದಕ್ಕೂ ಹಲ್ಲು ಕಿರಿಯುತ್ತಿದ್ದ.

ಪ್ರವಾಸದ ಕತೆ ಚಿಕ್ಕದು. ವಿಮಾನ ಇಳಿದ ಮರುದಿನ ರೊಟ್ಟಿ ಮುರಿಯಲಿಲ್ಲ, ಮಡಚಿಕೊಂಡಿತು. ಪ್ರಯಾಣದ ಆಯಾಸ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೇ ದಿನ ಪೆಟ್ಟಿಗೆ ತೆರೆದರೆ ಎಲ್ಲವೂ ಒದ್ದೆ ಬಟ್ಟೆ, ಮೇಲೆಲ್ಲ ಹಸಿರು ಬೂಷ್ಟು. ಇನ್ನೊಂದು ಪೆಟ್ಟಿಗೆ, ಮತ್ತೊಂದು, ಎಲ್ಲವೂ ಅದೇ. ಕೊಟ್ರಮ್ಮ ಮಾಟ ಮಾಡಿಸಿದ್ದಾಳೆ ಎಂದು ಪಂಪಾವತಿ ಲಾಡ್ಜಿನ ವರಾಂಡದಲ್ಲಿ ಕೂಗಾಡಿದಳು. ಅಲ್ಲಿಯ ಹೋಟೆಲುಗಳಲ್ಲೆಲ್ಲ ಮೀನು. ಒಂದೇ ಸೌಟಿನಲ್ಲಿ ಬೇಳೆಯನ್ನೂ ಬಡಿಸುತ್ತಾರೆಂದು ನಮ್ಮವರು ಒಳಗೆ ಕಾಲಿಡಲಿಲ್ಲ. ಬಾಳೆಹಣ್ಣು, ಬಿಸ್ಕತ್ತು, ಬರೀ ಚಟ್ನಿಪುಡಿ. ಹಾಲೇಶ ಕೊಟ್ರಮ್ಮನಿಗೆ ಫೋನು ಮಾಡಿ ಮಾಡಿ ಸೋತ, ಆಕೆ ಎತ್ತಲಿಲ್ಲ.

ಆರನೇ ದಿನ ದ್ವೀಪಕ್ಕೆ ಹೋದೆವು. ಬಿಳಿ ಮರಳು, ತಳ ಕಾಣುವ ನೀರು, ಆಚೆ ದಟ್ಟ ಕಾಡು. ಯಾವ ಗದ್ದಲವೂ ಇಲ್ಲ. ಅಂಥ ಜಾಗದಲ್ಲಿ ಹದಿನೆಂಟು ಜನ ಹಸಿದುಕೊಂಡು ಒಬ್ಬರನ್ನೊಬ್ಬರು ಬೈಯುತ್ತ ಕೂತೆವು. ಪಂಪಾವತಿಯ ಗಂಡ ಬಾಳೆಕಾಯಿ ಸುಟ್ಟುಕೊಳ್ಳುತ್ತೇನೆಂದು ಬೆಂಕಿಪೊಟ್ಟಣ ತೆಗೆದಾಗ ಗಾರ್ಡು ಬಂದು ಕಸಿದುಕೊಂಡ. ಅವನಿಗೆ ಸಮಾಧಾನ ಹೇಳುವ ಹಿಂದಿ ಮಾತ್ರ ನನ್ನ ಪಾಲಿಗೆ ಬಂತು. ಗಂಗೋತ್ರಿ ಅರ್ಧ ಗಂಟೆ ಫೋಟೋ ತೆಗೆದುಕೊಂಡು, ನೆಟ್‌ವರ್ಕ್ ಇಲ್ಲವೆಂದು ದೋಣಿಯಲ್ಲಿ ಹೋಗಿ ಮಲಗಿದಳು. ನಾನು ನೀರಿನ ಅಂಚಿಗೆ ಹೋಗಿ ನಿಂತೆ. ನಾಚಿಕೆ ಬಿಟ್ಟು ಬೇರೇನೂ ಅನ್ನಿಸಲಿಲ್ಲ.

ಊರಿಗೆ ಬಂದ ನಾಲ್ಕನೇ ದಿನ ಚಿತ್ತವಾಡಿಗೆಗೆ ಹೋದೆ. ಕೊಟ್ರಮ್ಮ ಯಾರದೋ ಮದುವೆಗೆ ರೊಟ್ಟಿ ಬಡಿಯುತ್ತಿದ್ದಳು. ಕುಂದ್ರಿ ಅನ್ನಲಿಲ್ಲ. ಬಾಗಿಲಲ್ಲೇ ನಿಂತು, ತಪ್ಪಾಯಿತು ಎಂದೆ. ಆಕೆ ರೊಟ್ಟಿ ಬಡಿಯುತ್ತಲೇ ಇದ್ದಳು. ಏನಾದರೂ ಹೇಳಬೇಕಲ್ಲ ಎಂದು ಸಮುದ್ರದ ಬಣ್ಣ, ಆ ಮರಳು ಎಂದು ಶುರುಮಾಡಿದೆ.

"ಅದನ್ನೆಲ್ಲಾ ಕೇಳಿಲ್ಲ ನಾನು" ಎಂದಳು, ತಲೆ ಎತ್ತದೆ. "ಎಷ್ಟನೇ ದಿನಕ್ಕ ಬೂಷ್ಟು ಹಿಡೀತು?"

"ನಿಮಗ ಗೊತ್ತಿತ್ತೇನು?"

"ಪುರಿಗೆ ಮೂರು ಸಲ ಹೋಗೀನಿ. ಅಲ್ಲಿ ಸಮುದ್ರ ನೋಡಿಲ್ಲ. ಅದರ ಗಾಳಿಗೆ ರೊಟ್ಟಿ ಏನಾಗ್ತಾವಂತ ನೋಡೀನಿ. ಎಷ್ಟನೇ ದಿನಕ್ಕ, ಹೇಳ್ರಿ."

"ಮೂರನೇ ದಿನಕ್ಕ."

ಬಡಿಯುತ್ತಿದ್ದ ಕೈ ನಿಂತಿತು. "ಪುರ್ಯಾಗ ನಾಕು ದಿನ ತಡೀತಿದ್ವು" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ಮೊದಲ ಸಲ ಸಿಟ್ಟಿಲ್ಲದ ದನಿಯಲ್ಲಿ ನನ್ನನ್ನು ಕೇಳಿದಳು.

"ಅಲ್ಲಿ ನಾಕೂ ಕಡಿ ಸಮುದ್ರ ಇರ್ಬೇಕಲ್ರಿ?"

"ಹೌದು" ಎಂದೆ. "ನಾಕೂ ಕಡಿ."

ಆಕೆ ತಲೆಯಾಡಿಸಿ, ಇನ್ನೊಂದು ಹಿಟ್ಟಿನುಂಡೆ ಎತ್ತಿಕೊಂಡಳು.